ಸೆರೆ ಅಂಗಡಿಗೆ ಒಂದು ಬಾಗಿಲಿತ್ತು

ಬೆಳಗಾವಿಯ ಮೂರನೇ ರೈಲ್ವೆ ಗೇಟು ದಾಟಿ, ಉದ್ಯಮಬಾಗ, ಪೀರನವಾಡಿ, ಮಚ್ಛೆ ಹಿಂದೆ ಬಿಟ್ಟು ಖಾನಾಪುರದ ಕಡೆ ಹೊರಟರೆ ಹೆದ್ದಾರಿಯಿಂದ ಒಳಗೆ ಹೊರಳುವ ಹಳ್ಳಿಯ ಹಾದಿಗಳು ಹತ್ತಾರು ಸಿಗುತ್ತವೆ. ಅಂಥದೊಂದು ಹಾದಿಯಲ್ಲಿ, ಊರು ಶುರುವಾಗುವ ಮೊದಲೇ, ಹಳ್ಳದ ದಂಡೆಗೆ ಹಂಚಿನ ಒಂದು ಖೋಲಿ ಇದೆ. ಬಾಗಿಲ ಮೇಲೆ ನಾಲ್ಕು ಮೊಳೆಗಳ ತೂತು, ಅವುಗಳ ನಡುವೆ ಬೋರ್ಡು ಇದ್ದಷ್ಟು ಜಾಗ ಇನ್ನೂ ಬೆಳ್ಳಗಿದೆ. ಅದು ನಮ್ಮೂರ ಸೆರೆ ಅಂಗಡಿ. 2007ರ ಜೂನ್ 30ರ ರಾತ್ರಿ ಅಲ್ಲಿ ಕೊನೆಯ ಪಾಕೀಟು ಮಾರಾಟವಾಯಿತು. ಮರುದಿನದಿಂದ ಕರ್ನಾಟಕದಲ್ಲಿ ಸಾರಾಯಿ ಮಾರುವುದೇ ಅಪರಾಧವಾಯಿತು.

ಒಳಗೆ ಹೆಚ್ಚೇನೂ ಇರಲಿಲ್ಲ. ಕಬ್ಬಿಣದ ಸರಳಿನ ಕಿಟಕಿ, ಅದರ ಹಿಂದೆ ಗುತ್ತೇದಾರನ ಆಳು, ಮುಂದೆ ಎರಡು ಕಲ್ಲಿನ ಕಟ್ಟೆ. ದುಡ್ಡು ಒಳಗೆ ಹೋಗುತ್ತಿತ್ತು, ಪಾಕೀಟು ಹೊರಗೆ ಬರುತ್ತಿತ್ತು. ಹಲ್ಲಿನಿಂದ ಅದರ ಮೂಲೆ ಕಚ್ಚಿ ಹರಿದು, ಕೆಲವರು ಗ್ಲಾಸಿಗೆ ಹಾಕಿ ನೀರು ಬೆರೆಸುತ್ತಿದ್ದರು, ಹಲವರು ನೇರ ಬಾಯಿಗೇ ಹಿಂಡುತ್ತಿದ್ದರು. ಹೊರಗೆ ಬುಟ್ಟಿ ಇಟ್ಟುಕೊಂಡು ಒಬ್ಬ ಅಜ್ಜಿ ಚುನಮರಿ, ಫುಟಾಣಿ, ಕುದಿಸಿದ ತತ್ತಿ ಮಾರುತ್ತಿದ್ದಳು. ಮಳೆಗಾಲದಲ್ಲಿ ಖಾಲಿ ಪಾಕೀಟುಗಳೆಲ್ಲ ಹಳ್ಳಕ್ಕೆ ಇಳಿದು, ನೀರು ಇಳಿದ ಮೇಲೆ ಲಕ್ಕಿ ಗಿಡಗಳಿಗೆ ಸಿಕ್ಕಿಕೊಂಡು ನೇತಾಡುತ್ತಿದ್ದವು.

ನಮ್ಮ ಕಾಕಾ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದ. ಇಡೀ ಪಾಳಿ ಕುಕ್ಕರಗಾಲಲ್ಲಿ ಕುಳಿತು ಮರಳಿನ ಅಚ್ಚು ಕೂಡಿಸುವುದು, ಆಮೇಲೆ 1,400 ಡಿಗ್ರಿಯ ಹತ್ತಿರ ಕಾದು ಕರಗಿದ ಕಬ್ಬಿಣವನ್ನು ಇಬ್ಬರು ಹೊತ್ತು ಅಚ್ಚಿಗೆ ಹೊಯ್ಯುವುದು. ಸಂಜೆ ಮೈಯೆಲ್ಲ ಮುರಿದಂತಾಗುತ್ತದೆ ಎನ್ನುತ್ತಿದ್ದ, ಅದು ಸುಳ್ಳಲ್ಲ. ಪಗಾರದ ದಿನ ಚಿಗವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಅಂಗಡಿಯ ಮುಂದಿನ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದಳು. ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗಿನಿಂದಲೇ ಕಿಟಕಿಯವನಿಗೆ ಕೇಳುವಂತೆ ಕೂಗುತ್ತಿದ್ದಳು: "ಅಣ್ಣಾ, ಇವರಿಗಿ ಇನ್ನ ಮ್ಯಾಲ ಉದ್ರಿ ಕೊಡಬ್ಯಾಡ. ಕೊಟ್ಟರ ನಾ ತೀರಸಾಂಗಿಲ್ಲ, ಈಗs ಹೇಳೇನಿ." ಒಳಗಿದ್ದ ಗಂಡಸರೆಲ್ಲ ತಲೆ ತಗ್ಗಿಸುತ್ತಿದ್ದರು. ಕಾಕಾ ಎದ್ದು ಬರುತ್ತಿದ್ದ. ಕೆಲವು ಸಲ ಬರುತ್ತಿರಲಿಲ್ಲ.

ಆ ಅಂಗಡಿ ಮುಚ್ಚಿದ್ದು ಒಳ್ಳೆಯದಾಯಿತು. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅದು ಹೇಗೆ ಹುಟ್ಟಿತು, ಯಾರ ದುಡ್ಡಿನಿಂದ ನಡೆಯಿತು, ಮುಚ್ಚಿದ ಮೇಲೆ ಅದರೊಳಗಿನ ಸೆರೆ ಎಲ್ಲಿಗೆ ಹೋಯಿತು ಎಂಬುದನ್ನು ಹೇಳದೆ ಆ ಖೋಲಿಯ ಚರಿತ್ರೆ ಪೂರ್ತಿಯಾಗುವುದಿಲ್ಲ.

ಮೊದಲು ಮಾತಿನ ವ್ಯತ್ಯಾಸ. ಹಳೇ ಮೈಸೂರಿನ ಕಡೆಯವರು ಹೆಂಡ ಎಂದಾಗ ಅದು ಈಚಲು ಮರದಿಂದ ಇಳಿಸಿದ, ತಾನಾಗಿ ಹುಳಿಬಂದ ರಸ. ಕವಿ ರಾಜರತ್ನಂ ಅವರ ಪದಗಳ ರತ್ನ ಕುಡಿದದ್ದು ಆ ಹೆಂಡ. ಹನ್ನೆರಡನೇ ಶತಮಾನದ ಶರಣ ಹೆಂಡದ ಮಾರಯ್ಯ ಮಾರುತ್ತಿದ್ದದ್ದೂ ಅದೇ, ತನ್ನ ಕಾಯಕದ ಮಾತಿನಲ್ಲೇ ಅವನು ವಚನ ಹೇಳಿದ. ನಮ್ಮ ಕಡೆಯ ಸೆರೆ, ಅಂದರೆ ಸಾರಾಯಿ, ಬೇರೆ. ಅದು ಕುದಿಸಿ, ಆವಿ ಹಿಡಿದು, ತಣಿಸಿ ಇಳಿಸಿದ್ದು, ಭಟ್ಟಿಯ ಮಾಲು. ಇಂಗ್ಲಿಷಿನಲ್ಲಿ ಅದಕ್ಕೆ ‘ಅರ್ಯಾಕ್’ ಎನ್ನುತ್ತಾರೆ, ಅದರ ಮೂಲವಾದ ಅರಬ್ಬಿಯ ‘ಅರಕ್’ ಎಂದರೆ ಬೆವರು. ಭಟ್ಟಿಯ ನಳಿಗೆಯ ತುದಿಗೆ ಹನಿಹನಿಯಾಗಿ ಒಸರುವುದನ್ನು ಕಂಡು ಇಟ್ಟ ಹೆಸರು. ಗೋವಾದಲ್ಲಿ ಗೇರುಹಣ್ಣಿನ ರಸವನ್ನು ಮೊದಲ ಸಲ ಇಳಿಸಿದಾಗ ಸಿಗುವ ಉರ್ರಾಕ್ ಕೂಡ ಅದೇ ಬೇರಿನ ಶಬ್ದ. ಅದನ್ನು ಇನ್ನೊಮ್ಮೆ ಇಳಿಸಿದರೆ ಫೆನಿ. ಅಬಕಾರಿ ಎಂಬ ಇಲಾಖೆಯ ಹೆಸರಿನಲ್ಲಿರುವ ‘ಆಬ್’ ಪಾರಸಿಯ ನೀರು.

2007ರವರೆಗೆ ಹಳ್ಳಿಯ ಕಿಟಕಿಯಲ್ಲಿ ಸಿಗುತ್ತಿದ್ದ ಸಾರಾಯಿ ಹೂವಿನದೂ ಅಲ್ಲ, ಹಣ್ಣಿನದೂ ಅಲ್ಲ, ಕಬ್ಬಿನದು. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಅಂಟು ಕಾಕಂಬಿಯನ್ನು ಹುಳಿ ಬರಿಸಿ, ಭಟ್ಟಿಯಿಳಿಸಿ, ಬಲು ಕಟುವಾದ ಸ್ಪಿರಿಟ್ ಮಾಡುತ್ತಾರೆ. ಅದಕ್ಕೆ ನೀರು ಬೆರೆಸಿ ತೀವ್ರತೆ ಇಳಿಸಿದರೆ ಸಾರಾಯಿ. ಅಥಣಿ, ಚಿಕ್ಕೋಡಿ, ಹುಕ್ಕೇರಿ, ಗೋಕಾಕದ ಕಬ್ಬಿನ ಗದ್ದೆಗಳನ್ನು ನೋಡಿದವರಿಗೆ ಈ ಜಿಲ್ಲೆಯಲ್ಲಿ ಕಾಕಂಬಿಗೆ ಬರವಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಮರುವರ್ಷದ ಜೂನ್ 30ಕ್ಕೆ ಮುಗಿಯುತ್ತದೆ. ಹೆಚ್ಚು ಕೂಗಿದವನಿಗೆ ತಾಲೂಕಿನ ಗುತ್ತಿಗೆ. ಕೂಗಿದ ಹಣವನ್ನು ತಿಂಗಳ ಕಿಸ್ತಿನಲ್ಲಿ ಖಜಾನೆಗೆ ಕಟ್ಟಬೇಕು, ಕಟ್ಟಲಾಗದಿದ್ದರೆ ಗುತ್ತಿಗೆ ಹೋಗುತ್ತದೆ. ಹಾಗಾಗಿ ಗುತ್ತೇದಾರನಿಗೆ ಒಂದೇ ದಾರಿ: ಇನ್ನೊಂದು ಹಳ್ಳಿಯಲ್ಲಿ ಇನ್ನೊಂದು ಅಂಗಡಿ, ಇದ್ದ ಅಂಗಡಿಯಲ್ಲಿ ಇನ್ನಷ್ಟು ಉದ್ರಿ. ಊರು ಹೆಚ್ಚು ಕುಡಿದಷ್ಟೂ ಮುಂದಿನ ಹರಾಜಿನ ಕೂಗು ಏರುತ್ತಿತ್ತು. ಈ ವ್ಯವಹಾರದ ಗುರುತು ನಮ್ಮ ಅಡ್ಡಹೆಸರುಗಳಲ್ಲೂ ಉಳಿದಿದೆ. ಕಲಬುರಗಿ ಸೀಮೆಯ ಗುತ್ತೇದಾರ, ಬೆಳಗಾವಿ-ಧಾರವಾಡದ ಕಲಾಲ, ಇವೆಲ್ಲ ಒಂದಾನೊಂದು ಕಾಲದ ಕಸುಬಿನ ಹೆಸರುಗಳು.

ಪಾಕೀಟು ಚಿಕ್ಕದು. ಉತ್ತರದಲ್ಲಿ ಪಾಕೀಟು ಎಂದರು, ಕರಾವಳಿಯಲ್ಲಿ ಕೊಟ್ಟೆ ಎಂದರು. ಅಂಗಿಯ ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದು. ಆದರೆ ಸಾರಾಯಿ ತುಂಬುವ ಗುತ್ತಿಗೆಯ ಹಿಂದಿದ್ದ ಹಣ ಎಷ್ಟೆಂಬುದು 1986ರ ಫೆಬ್ರುವರಿಯಲ್ಲಿ ಇಡೀ ರಾಜ್ಯಕ್ಕೆ ಗೊತ್ತಾಯಿತು. ಬಾಟ್ಲಿಂಗ್ ಗುತ್ತಿಗೆ ಕೊಟ್ಟ ರೀತಿಯನ್ನು ಹೈಕೋರ್ಟ್ ಟೀಕಿಸಿದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಅದನ್ನು ಹಿಂದೆ ಪಡೆದರು ಎಂಬುದು ನಿಜ. ಆದರೂ ಹಳ್ಳದ ದಂಡೆಯ ನಮ್ಮ ಖೋಲಿಗೂ ವಿಧಾನಸೌಧದ ಮೂರನೇ ಮಹಡಿಗೂ ಎಷ್ಟು ಹತ್ತಿರದ ನಂಟಿತ್ತು ಎಂಬುದು ಆ ವಾರ ಕಾಣಿಸಿತು.

ಸೆರೆ ಅಂಗಡಿಯ ಮುಂದೆ ನಿಲ್ಲುವುದನ್ನು ನಮ್ಮ ಸೀಮೆಗೆ ಕಲಿಸಿದ್ದು ಸ್ವಾತಂತ್ರ್ಯ ಚಳವಳಿ. ಅಸಹಕಾರದ ಕರೆ ಬಂದಾಗ ಕಾಂಗ್ರೆಸ್ ಮತ್ತು ಖಿಲಾಫತ್ ಕಾರ್ಯಕರ್ತರು ಒಟ್ಟಿಗೆ ಸೆರೆ ಅಂಗಡಿಗಳ ಮುಂದೆ ನಿಂತು, ಒಳಗೆ ಹೋಗುವವರಿಗೆ ಕೈಮುಗಿಯತೊಡಗಿದರು. ಬ್ರಿಟಿಷರಿಗೆ ಇದು ಬಲು ನೋಯುವ ಜಾಗ, ಏಕೆಂದರೆ ಅಬಕಾರಿ ಅವರ ದೊಡ್ಡ ಆದಾಯ. ಧಾರವಾಡದಲ್ಲಿ 1921ರ ಜುಲೈ 1ರಂದು ಹೀಗೆಯೇ ಅಂಗಡಿಯ ಮುಂದೆ ಜನ ಸೇರಿದ್ದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಕಾರ್ಯಕರ್ತರು ಸತ್ತರು. ಜಕಣಿ ಬಾವಿಯ ಹತ್ತಿರ ಅವರ ಸ್ಮಾರಕವಿದೆ. ಸಂತೆಗೆ ಬಂದವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ಹಿಂದೂ-ಮುಸ್ಲಿಮರು ಒಂದಾಗಿ ನಿಂತ ಜಾಗ ಅದು, ಅವರು ನಿಂತದ್ದು ಸೆರೆ ಅಂಗಡಿಯ ಎದುರು. ನಮ್ಮ ಮಕ್ಕಳ ಪಾಠದಲ್ಲಿ ಆ ದಿನಕ್ಕೆ ಇನ್ನಷ್ಟು ಜಾಗ ಸಿಗಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ. ಮುಂದೆ ನಿಂತವರು ಎಸ್. ನಿಜಲಿಂಗಪ್ಪ. ಈ ಹೆಸರು ಮತ್ತೆ ಬರುತ್ತದೆ.

ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೆ 1949ರ ಬಾಂಬೆ ಪಾನನಿಷೇಧ ಕಾಯ್ದೆ ಬಂದು, 1950ರ ಏಪ್ರಿಲ್‌ನಿಂದ ಇಡೀ ಪ್ರಾಂತ ಒಣಗಿತು. ಆಗ ಪ್ರಾಂತದ ಗೃಹಮಂತ್ರಿಯಾಗಿದ್ದವರು ಮೊರಾರ್ಜಿ ದೇಸಾಯಿ. ಸಂವಿಧಾನದ 47ನೇ ವಿಧಿಯೂ ಮಾದಕ ಪೇಯ ನಿಷೇಧಿಸಲು ಸರ್ಕಾರ ಪ್ರಯತ್ನಿಸಬೇಕೆಂದು ಹೇಳಿತ್ತು. ಆದರೆ ನಕ್ಷೆ ಬಿಡಿಸಿ ನೋಡಿ. ಖಾನಾಪುರ ತಾಲೂಕಿನ ಕಣಕುಂಬಿಯಿಂದ ಚೋರ್ಲಾ ಘಟ್ಟ ಇಳಿದರೆ ಗೋವಾ. ಲೋಂಡಾದಿಂದ ರೈಲು ಹಿಡಿದರೆ ಕ್ಯಾಸಲ್‌ರಾಕ್, ಅದರಾಚೆಗೆ ಗೋವಾ. 1961ರ ಡಿಸೆಂಬರ್ 19ರವರೆಗೆ ಅಲ್ಲಿ ಪೋರ್ಚುಗೀಸರ ಆಡಳಿತ, ಕುಡಿತಕ್ಕೆ ಅಡ್ಡಿಯಿಲ್ಲ. ಈ ಕಡೆ ಪೂರ್ಣ ನಿಷೇಧ, ಆ ಕಡೆ ಮನೆಮನೆಗೆ ಭಟ್ಟಿ, ನಡುವೆ ದಟ್ಟ ಕಾಡು. ಕಾಡಿನ ಕಾಲುದಾರಿಗಳು ಏನು ಹೊತ್ತಿರಬೇಕೆಂದು ಊಹಿಸುವುದು ಕಷ್ಟವಲ್ಲ.

1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. ಹೊಸ ರಾಜ್ಯ 1961ರಲ್ಲಿ ತನ್ನದೇ ಪಾನನಿಷೇಧ ಕಾಯ್ದೆ ಮಾಡಿತು. ಆದರೆ ಖಜಾನೆಗೆ ಹಣ ಬೇಕಿತ್ತು, ಕಳ್ಳಭಟ್ಟಿ ನಿಲ್ಲಲಿಲ್ಲ. 1967ರಲ್ಲಿ ನಿಷೇಧ ತೆಗೆದು ಹಾಕಿ, 1965ರ ಅಬಕಾರಿ ಕಾಯ್ದೆಯನ್ನು ಜಾರಿಗೆ ತಂದರು. ಹರಾಜು ಬಂತು, ಗುತ್ತಿಗೆ ಬಂತು, ಹಳ್ಳಿಗೆ ಅಂಗಡಿ ಬಂತು. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ತುರುವನೂರಿನ ಕೊಡಲಿಗೂ ಈ ಆದೇಶದ ಸಹಿಗೂ ನಡುವೆ 28 ವರ್ಷ. ಅವರ ಮನಸ್ಸಿಗೆ ಅದು ಹಗುರಾಗಿರಲಿಕ್ಕಿಲ್ಲ ಎಂದೇ ನಾನು ತಿಳಿದಿದ್ದೇನೆ. ರಾಜ್ಯ ನಡೆಸುವವರ ಮೇಲೆ ಅಬಕಾರಿ ಹಣದ ಭಾರ ಎಷ್ಟಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ನಮ್ಮ ಹಳ್ಳದ ದಂಡೆಯ ಖೋಲಿ ಹುಟ್ಟಿದ್ದು ಆ ಮೇಲೆ. ಉದ್ಯಮಬಾಗ ಬೆಳೆದಂತೆ ಅದೂ ಬೆಳೆಯಿತು. ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಖಾನಾಪುರ ರಸ್ತೆಯ ಹಳ್ಳಿಗಳಿಂದ ಗಂಡಸರು ಸೈಕಲ್ ಮೇಲೆ ಹೋಗತೊಡಗಿದರು. ಹಿಂದೆ ಸುಗ್ಗಿಯಲ್ಲಿ ಕಾಳು ಬರುತ್ತಿದ್ದ ಮನೆಗಳಿಗೆ ಈಗ ಕೈಗೆ ನಗದು ಬಂತು. ಕಾಳಾಗಿದ್ದರೆ ಅದು ಮನೆಯ ಹಗೇವಿಗೆ ಇಳಿಯುತ್ತಿತ್ತು, ಹೆಂಗಸಿನ ಕೈಯಲ್ಲಿ ಇರುತ್ತಿತ್ತು. ನಗದು ಕಿಸೆಯಲ್ಲಿ ಇರುತ್ತದೆ, ಕಿಸೆ ಅಂಗಡಿಯ ಮುಂದೆ ಹಾದುಬರಬೇಕು.

ಸಾರಾಯಿ ಬೇಡವೆಂದು ಹೆಣ್ಣುಮಕ್ಕಳು ಎದ್ದದ್ದು ನಮ್ಮಲ್ಲಿ ಮಾತ್ರವಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲು ಕೂಡಿದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಗೆ ಬೀಗ ಹಾಕಿಸಿದರು. ಮರುವರ್ಷ ಆ ರಾಜ್ಯ ಸಾರಾಯಿ ನಿಷೇಧಿಸಿತು. 1996ರಲ್ಲಿ ಕೇರಳ. ನಮ್ಮ ಸೀಮೆಯಲ್ಲಿ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದಲೇ ಜೋಳಿಗೆ ಹಿಡಿದು ಬೀದಿ ಬೀದಿ ತಿರುಗುತ್ತಿದ್ದರು. ಸ್ವಾಮಿಗಳ ಜೋಳಿಗೆಗೆ ಹಿಟ್ಟೋ ದುಡ್ಡೋ ಹಾಕುವುದು ರೂಢಿ. ಅವರು ಬೇಡಿದ್ದು ದುಶ್ಚಟವನ್ನು. ಬೀಡಿ, ತಂಬಾಕು, ಸೆರೆಯ ಪಾಕೀಟು ಜೋಳಿಗೆಗೆ ಬಿದ್ದವು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ.

2007ರ ಬಜೆಟ್ಟಿನಲ್ಲಿ ಘೋಷಣೆ ಬಂತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ನೋಡುತ್ತಿದ್ದ ಉಪಮುಖ್ಯಮಂತ್ರಿ. ಅಬಕಾರಿ ವರ್ಷ ಮುಗಿದೊಡನೆ, ಜುಲೈ 1ರಿಂದ, ಸಾರಾಯಿ ಬಂದ್. ಧಾರವಾಡದಲ್ಲಿ ಗುಂಡು ಹಾರಿ ಸರಿಯಾಗಿ 86 ವರ್ಷವಾದ ದಿನ ಅದು. ನಮ್ಮೂರಲ್ಲಿ ಅಂದು ಯಾರೂ ಭಾಷಣ ಮಾಡಲಿಲ್ಲ. ಗುತ್ತೇದಾರನ ಟೆಂಪೊ ಬಂದು ಕಿಟಕಿಯ ಸರಳು, ಬೋರ್ಡು, ಉದ್ರಿ ವಹಿ ಹೇರಿಕೊಂಡು ಹೋಯಿತು. ಚಿಗವ್ವ ಮತ್ತು ನಾಲ್ಕೈದು ಮಂದಿ ಬೇವಿನ ಗಿಡದ ಕೆಳಗೆ ನಿಂತು ನೋಡಿದರು. ಆ ಸಂಜೆ ಹೋಳಿಗೆ ಮಾಡಿದ ಮನೆಗಳೂ ಇದ್ದವು.

ನಿಜವಾದ ತೊಡಕು ಶುರುವಾದದ್ದು ಅಲ್ಲಿಂದ.

ಸಾರಾಯಿ ಕಾನೂನಿನ ಹೊರಗೆ ಹೋಯಿತು, ಜನ ‘ಇಂಗ್ಲಿಷ್’ ಎಂದು ಕರೆಯುವ ಬ್ರಾಂಡಿ-ವಿಸ್ಕಿ ಒಳಗೇ ಉಳಿಯಿತು. ಕಾಕಂಬಿಯ ಅದೇ ಸ್ಪಿರಿಟ್ಟು, ಬಣ್ಣ-ವಾಸನೆ ಸೇರಿ, 90 ಎಂಎಲ್ ಟೆಟ್ರಾ ಪ್ಯಾಕಿನಲ್ಲಿ ಅಗ್ಗದ ವಿಸ್ಕಿಯಾಗಿ ಬಂತು. ಪಾಕೀಟಿನ ಜಾಗಕ್ಕೆ ಅದು ಬಂದು ಕೂತಿತು. ಆದರೆ ಲೈಸೆನ್ಸಿನ ಲೆಕ್ಕ ಬೇರೆ. ವೈನ್ ಶಾಪಿಗೆ ಸಿಎಲ್-2, ಬಾರಿಗೆ ಸಿಎಲ್-9. ಇವೆರಡನ್ನೂ ಹೊಸದಾಗಿ ಕೊಡುವುದನ್ನು 1992ರಲ್ಲೇ ನಿಲ್ಲಿಸಿದ್ದರು. ಆಮೇಲೆ ಎಂಎಸ್‌ಐಎಲ್ ಎಂಬ ಸರ್ಕಾರಿ ಕಂಪನಿಯ ಮಳಿಗೆಗಳು ಬಂದವು, ಅವೂ ಹೆಚ್ಚಾಗಿ ಹೋಬಳಿ, ಪಟ್ಟಣಗಳ ಕಡೆ. ವೈನ್ ಶಾಪಿನಲ್ಲಿ ಕೊಳ್ಳಬಹುದು, ಕುಳಿತು ಕುಡಿಯುವಂತಿಲ್ಲ. ಅಂದರೆ ಹಳ್ಳಿಗೆ ಮಾರಾಟದ ಜಾಗವೂ ಇಲ್ಲ, ಕುಡಿಯುವ ಜಾಗವೂ ಇಲ್ಲ, ಕುಡಿಯುವವರು ಮಾತ್ರ ಇದ್ದಾರೆ. ಆ ಖಾಲಿ ಜಾಗವನ್ನು ತುಂಬಿದ್ದು ಕಿರಾಣಿ ಅಂಗಡಿ, ಪಾನ್ ಡಬ್ಬಿ, ಮೊಟ್ಟೆ ಮಾರುವ ಗಾಡಿ. ಪೇಟೆಯಿಂದ ಚೀಲದಲ್ಲಿ ತಂದು, ಉಪ್ಪು-ಸಾಬೂನಿನ ಹಿಂದೆ ಇಟ್ಟು, ಪ್ಯಾಕಿಗೆ ಇಷ್ಟು ಎಂದು ಬೆಲೆ ಏರಿಸಿ ಮಾರುತ್ತಾರೆ. ಬೆಳಗಿನ ಐದಕ್ಕೂ ಸಿಗುತ್ತದೆ. ಸೆರೆ ಅಂಗಡಿಗೆ ಹೊತ್ತು-ಗೊತ್ತು ಇತ್ತು.

ಇನ್ನೂ ಭಯಂಕರವಾದದ್ದು ಮೀಥೈಲ್ ಆಲ್ಕೊಹಾಲ್. ಕಾರ್ಖಾನೆಯ ಬಳಕೆಯ ಆ ರಾಸಾಯನಿಕವನ್ನು ಕಳ್ಳರು ಕುಡಿತಕ್ಕೆ ಬೆರೆಸಿದಾಗ ದೇಹ ಅದನ್ನು ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ, ಮೊದಲು ಕಣ್ಣಿನ ನರ ಸಾಯುತ್ತದೆ, ಆಮೇಲೆ ಮನುಷ್ಯ. 1981ರಲ್ಲಿ ಬೆಂಗಳೂರಿನಲ್ಲಿ ಹೀಗೆ 300ಕ್ಕೂ ಹೆಚ್ಚು ಜನ ಸತ್ತಿದ್ದರು, ಆಗ ಸಾರಾಯಿ ಕಾನೂನುಬದ್ಧವಾಗಿತ್ತು. 2008ರ ಮೇ ತಿಂಗಳಲ್ಲಿ, ನಿಷೇಧವಾಗಿ ವರ್ಷ ತುಂಬುವ ಮೊದಲೇ, ಬೆಂಗಳೂರು-ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು. ಎರಡೂ ಸಲ ಸತ್ತವರು ಕೂಲಿಯವರು. ಹಾಗಾಗಿ ನಿಷೇಧದಿಂದಲೇ ಸತ್ತರು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ, ನಿಷೇಧ ಮಾಡಿದರೆ ಸಾಕು ಎನ್ನುವುದನ್ನೂ ಒಪ್ಪುವುದಿಲ್ಲ.

2017ರಲ್ಲಿ ಇನ್ನೊಂದು ಬಾಗಿಲು ಮುಚ್ಚಿತು. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಕೂಡದು ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ಹೇಳಿತ್ತು. ಚಿಕ್ಕ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ನಮ್ಮಲ್ಲಿ ಲೈಸೆನ್ಸಿನ ವರ್ಷ ಮುಗಿಯುವುದು ಜೂನ್ 30ಕ್ಕೆ, ಹಾಗಾಗಿ ಇದೂ ಜಾರಿಯಾದದ್ದು ಜುಲೈ 1ಕ್ಕೆ. ಕೆಲವೇ ದಿನಗಳಲ್ಲಿ ನಗರ ಮಿತಿಯೊಳಗಿನವಕ್ಕೆ ವಿನಾಯಿತಿ ಸಿಕ್ಕಿತು, 2018ರಲ್ಲಿ ಪಂಚಾಯ್ತಿ ಪ್ರದೇಶಗಳ ವಿಷಯವನ್ನೂ ರಾಜ್ಯಗಳ ವಿವೇಚನೆಗೆ ಬಿಟ್ಟರು.

ಗಡಿಯ ಸಮಸ್ಯೆ ಹಾಗೇ ಇದೆ. ಪಡುವಣಕ್ಕೆ ಚಂದಗಡ ತಾಲೂಕಿಗೆ ಕಾಲಿಟ್ಟರೆ ಮಹಾರಾಷ್ಟ್ರ, ಅಲ್ಲಿ ‘ದೇಶಿ ದಾರೂ’ ಇಂದಿಗೂ ಕಾನೂನುಬದ್ಧ. ಗೋವಾದಲ್ಲಿ ತೆರಿಗೆ ಕಡಿಮೆ, ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಮೂರು ರಾಜ್ಯದ ಮೂರು ಕಾನೂನು ನಮ್ಮ ತಾಲೂಕಿನ ಕಾಡಿನಲ್ಲಿ ಒಂದನ್ನೊಂದು ಮುಟ್ಟುತ್ತವೆ.

ಆದರೆ ಚಂದಗಡದ ಕಡೆಯಿಂದ ನಾವು ಕಲಿಯಬೇಕಾದದ್ದೂ ಒಂದಿದೆ. ಮಹಾರಾಷ್ಟ್ರದಲ್ಲಿ ಊರ ಹೆಂಗಸರು ಕೇಳಿದರೆ ಸೆರೆ ಅಂಗಡಿಯ ಮೇಲೆ ಮತದಾನ ನಡೆಸಬೇಕು. ಚೀಟಿಯ ಮೇಲೆ ಎರಡು ಚಿತ್ರ: ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿ. ಮರಾಠಿಯಲ್ಲಿ ಉಭೀ ಬಾಟಲೀ, ಆಡವೀ ಬಾಟಲೀ. ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಡವೀ ಬಾಟಲಿಗೆ ಹಾಕಿದರೆ ಅಂಗಡಿ ಮುಚ್ಚಬೇಕು. ಓದು ಬಾರದ ಅಜ್ಜಿಯೂ ಹಾಕಬಹುದಾದ ಮತ. ಅಂಥ ಹಕ್ಕು ನಮ್ಮ ಹೆಣ್ಣುಮಕ್ಕಳಿಗೂ ಬೇಕು. ಮದ್ಯನಿಷೇಧ ಬೇಕೆಂದು ಕೇಳಲು ಅವರು ನಡೆದದ್ದೂ ಇದೆ. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ಪಾದಯಾತ್ರೆ ಮಾಡಿ, ಗಾಂಧೀಜಿ ಹುತಾತ್ಮರಾದ 30ಕ್ಕೆ ರಾಜಧಾನಿ ಮುಟ್ಟಿದರು. ದಾರಿಯಲ್ಲಿ ಒಬ್ಬ ತಾಯಿ ವಾಹನ ಬಡಿದು ತೀರಿಕೊಂಡಳು. ಉಳಿದವರು ನಡಿಗೆ ನಿಲ್ಲಿಸಲಿಲ್ಲ. ಆದರೂ ರಾಜ್ಯದ 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ ಇತ್ತು.

ಚಿಗವ್ವನಿಗೆ ಈಗ ಎಪ್ಪತ್ತು ದಾಟಿದೆ. ಕಾಕಾ ಇಲ್ಲ. ಅವಳ ಮೊಮ್ಮಗ ಉದ್ಯಮಬಾಗದಲ್ಲೇ ಸಿಎನ್‌ಸಿ ಮಷಿನ್ ನಡೆಸುತ್ತಾನೆ. ಹೋದ ಮಳೆಗಾಲದಲ್ಲಿ ಸಂಘದ ಹೆಂಗಸರನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಊರೊಳಗಿನ ಕಳ್ಳ ಮಾರಾಟ ನಿಲ್ಲಿಸಿ ಎಂದು ಅರ್ಜಿ ಬರೆದುಕೊಡಬೇಕಿತ್ತು. "ಆಗ ಬಾಗಲಾ ಒಂದs ಇತ್ತು ತಮ್ಮಾ, ಹೋಗಿ ಬಡೀತಿದ್ವಿ. ಈಗ ಯಾರ ಬಾಗಲಾ ಬಡೀಲಿ?" ಎಂದಳು. ಮೊದಲು ಕೊಟ್ಟ ಅರ್ಜಿ ವಾಪಸು ಬಂದಿತ್ತಂತೆ, ಮಾರಾಟದ ಸ್ಥಳ ಸ್ಪಷ್ಟವಿಲ್ಲ ಎಂದು. ನಾನು ಹಾಳೆ ತೆಗೆದುಕೊಂಡು ಮಾರಾಟದ ಸ್ಥಳ ಎಂದು ಬರೆದು ಅವಳ ಮುಖ ನೋಡಿದೆ. ಅವಳು ಹೇಳತೊಡಗಿದಳು. ಬಸ್ ಸ್ಟಾಪಿನ ಪಾನ್ ಡಬ್ಬಿ. ಗುಡಿಯ ಹಿಂದಿನ ಕಿರಾಣಿ. ಮೊಟ್ಟೆಯ ಗಾಡಿ. ಹಿಟ್ಟಿನ ಗಿರಣಿಯ ಪಕ್ಕದ ಮನೆಯ ಹಿತ್ತಲು. ಸಂಜೆ ಬರುವ ಒಂದು ಮೋಟಾರ್ ಸೈಕಲ್. ಉಳಿದವರು ನಡುನಡುವೆ ಒಂದೊಂದು ಸೇರಿಸಿದರು. ಹಾಳೆ ಒಂದು ಕಡೆ ತುಂಬಿತು. ಹೊರಳಿಸಿ ಹಿಂದೆ ಬರೆಯತೊಡಗಿದೆ.